ಮನೆಯ ಭದ್ರತೆಗೆ ನಿಸ್ತಂತು ಚಲನ ಸಂವೇದಕ: ಅಳವಡಿಕೆ ಮತ್ತು ನಿರ್ವಹಣೆ

ಮಂಗಳೂರು ನಗರದಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ಗ್ರಾಮ ಪಂಚಾಯತ್ ವ್ಯಾಪ್ತಿಗಳಲ್ಲಿಯೂ ಹಿರಿಯರಿಬ್ಬರೇ ವಾಸವಾಗಿರುವ ಮನೆಗಳು ಮತ್ತು ವರ್ಷದ ಬಹುಕಾಲ ಬೀಗ ಹಾಕಿರುವ ಮನೆಗಳು ಸಾಕಷ್ಟಿವೆ. ಮಕ್ಕಳು ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿರುವುದು ಇದಕ್ಕೆ ಮುಖ್ಯ ಕಾರಣವಾಗಿದೆ. ದೀಪಾವಳಿಯ ಬಳಿಕ ಪತ್ತನಾಜೆಯವರೆಗೆ ನಡೆಯುವ ನೇಮ, ಜಾತ್ರೆ, ಬಯಲಾಟಗಳ ಅವಧಿಯಲ್ಲಿ ಮನೆಮಂದಿಯೆಲ್ಲ ರಾತ್ರಿಯಿಡೀ ಹೊರಗಿರುವುದುಂಟು. ಮಳೆಗಾಲದಲ್ಲಾದರೋ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದ ಮನೆಯ ಕೂಗು ಸಹ ಕೇಳಿಸದು. ಇಂತಹ ಮನೆಗಳಲ್ಲಿ ನಿಸ್ತಂತು ಚಲನ ಸಂವೇದಕವನ್ನು, ಅಂದರೆ ಜನರ ಮಾತಿನ ಮೋಷನ್ ಸೆನ್ಸರನ್ನು, ಅಳವಡಿಸುವ ಪರಿಪಾಠ ಹೆಚ್ಚುತ್ತಿದೆ. ಗೋಡೆ ಕೊರೆದು ತಂತಿ ಎಳೆಯುವ ಅಗತ್ಯವಿಲ್ಲದಿರುವುದರಿಂದ ಹಳೆಯ ಹಂಚಿನ ಮನೆಗಳಿಗೂ ಇದು ಹೊಂದುತ್ತದೆ.

ಆದರೆ ಒಂದು ವಿಷಯವನ್ನು ಆರಂಭದಲ್ಲಿಯೇ ಮನದಟ್ಟು ಮಾಡಿಕೊಳ್ಳತಕ್ಕದ್ದು. ಸಂವೇದಕವು ಕಳ್ಳನನ್ನು ತಡೆಯುವುದಿಲ್ಲ. ಸುದ್ದಿಯನ್ನು ಮಾತ್ರ ಮುಟ್ಟಿಸುತ್ತದೆ. ಆ ಸುದ್ದಿಯನ್ನು ನಂಬಿ ಕೂಡಲೇ ಸ್ಪಂದಿಸುವವರು ಇದ್ದಾಗಲೇ ಅದರಿಂದ ಪ್ರಯೋಜನ. ಹಲ್ಲಿ ಓಡಾಡಿದ್ದಕ್ಕೆ ಮೂರು ರಾತ್ರಿ ಸೈರನ್ ಮೊಳಗಿದರೆ, ನಾಲ್ಕನೆಯ ರಾತ್ರಿ ನಿಜವಾಗಿಯೇ ಕಳ್ಳ ಬಂದಾಗ ನೆರೆಯವರು ಏಳುವುದಿಲ್ಲ. ಆದುದರಿಂದ ಸರಿಯಾದ ಅಳವಡಿಕೆ ಮತ್ತು ನಿಯತವಾದ ನಿರ್ವಹಣೆ ಎಂಬುದು ನೆರೆಹೊರೆಯವರ ವಿಶ್ವಾಸವನ್ನು ಉಳಿಸಿಕೊಳ್ಳುವ ಕೆಲಸವೂ ಆಗಿದೆ.

ಸಾಧನವು ಕೆಲಸ ಮಾಡುವ ಬಗೆ

ಮನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಪಿಐಆರ್ ಎಂದು ಕರೆಯಲಾಗುವ ಸಂವೇದಕ. ಮನುಷ್ಯನ ದೇಹವು ತನ್ನ ಉಷ್ಣದಿಂದಾಗಿ ಸುಮಾರು 10 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನ ಅವಕೆಂಪು ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಸಂವೇದಕದ ಮುಂಭಾಗದಲ್ಲಿರುವ ಗೀರುಗೀರಾದ ಪ್ಲಾಸ್ಟಿಕ್ ಮಸೂರವು ಕೋಣೆಯನ್ನು ಅನೇಕ ಪಟ್ಟಿಗಳನ್ನಾಗಿ ವಿಂಗಡಿಸಿ ನೋಡುತ್ತದೆ. ವ್ಯಕ್ತಿಯು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಒಳಗಿನ ಸ್ಫಟಿಕದ ಮೇಲೆ ಬೀಳುವ ಉಷ್ಣವು ಥಟ್ಟನೆ ಬದಲಾಗಿ, ಸಣ್ಣದೊಂದು ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದು ರೇಡಿಯೋ ಅಲೆಯಾಗಿ ಮನೆಯೊಳಗಿರುವ ನಿಯಂತ್ರಣ ಪೆಟ್ಟಿಗೆಯನ್ನು ತಲಪಿ, ಅಲ್ಲಿಂದ ಸೈರನ್ನಿಗೂ ಮೊಬೈಲ್ ಫೋನಿಗೂ ರವಾನೆಯಾಗುತ್ತದೆ. ಈ ಸಾಧನವು ಚಿತ್ರ ತೆಗೆಯುವುದಿಲ್ಲವಾದ ಕಾರಣ ಮನೆಯವರ ಖಾಸಗಿತನಕ್ಕೆ ಧಕ್ಕೆಯಿಲ್ಲ.

ಈ ತತ್ತ್ವದಿಂದ ಮೂರು ಸಂಗತಿಗಳು ಹೊರಡುತ್ತವೆ. ಒಂದನೆಯದಾಗಿ, ಎದುರಿಗೆ ನೇರವಾಗಿ ಬರುವವನಿಗಿಂತ ಅಡ್ಡಲಾಗಿ ಹಾಯುವವನನ್ನು ಸಂವೇದಕವು ಬೇಗ ಗುರುತಿಸುತ್ತದೆ. ಎರಡನೆಯದಾಗಿ, ಸಾಮಾನ್ಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಮುಚ್ಚಿದ ಕಿಟಕಿಯ ಆಚೆಗಿನ ಮನುಷ್ಯ ಅದಕ್ಕೆ ಕಾಣುವುದಿಲ್ಲ. ಮೂರನೆಯದಾಗಿ, ಗೋಡೆ ಮತ್ತು ದೇಹಗಳ ಉಷ್ಣದಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಅದು ಕೆಲಸ ಮಾಡೀತು. ಕರಾವಳಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಮುಚ್ಚಿದ ಮನೆಯೊಳಗಿನ ಗೋಡೆಗಳು ಚರ್ಮದ ಉಷ್ಣತೆಯ ಸಮೀಪಕ್ಕೆ ಕಾಯುತ್ತವೆ. ಆಗ ಸಂವೇದಕದ ಗ್ರಹಣಶಕ್ತಿ ಕುಗ್ಗುತ್ತದೆ. ಆದುದರಿಂದ ಉಷ್ಣತೆಗೆ ತಕ್ಕಂತೆ ತನ್ನ ಸೂಕ್ಷ್ಮತೆಯನ್ನು ತಾನೇ ಹೊಂದಿಸಿಕೊಳ್ಳುವ ಮಾದರಿಯನ್ನೇ ಇಲ್ಲಿಯ ಮನೆಗಳಿಗೆ ಆರಿಸುವುದು ಸೂಕ್ತ.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ವಿದೇಶದಲ್ಲಿರುವ ಬಂಧುಗಳು ಊರಿಗೆ ಬರುವಾಗ ಇಂತಹ ಸಾಧನಗಳನ್ನು ತರುವುದುಂಟು. ಭಾರತದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ 865ರಿಂದ 868 ಮೆಗಾಹರ್ಟ್ಸ್ ತರಂಗಪಟ್ಟಿಯನ್ನೂ, ವೈಫೈ ಮೊದಲಾದವು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ನಿಗದಿತ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಲು ಅವಕಾಶವಿದೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಅನೇಕ ಸಾಧನಗಳು 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಅದರ ಒಂದು ಭಾಗವು ಭಾರತದಲ್ಲಿ ಮೊಬೈಲ್ ಸೇವೆಗೆ ಮೀಸಲಾಗಿರುವುದರಿಂದ ಅಂತಹ ಸಾಧನಗಳನ್ನು ಇಲ್ಲಿ ಬಳಸಬಾರದು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಮಾದರಿ ಅನುಮೋದನೆ ಪಡೆದಿರುವುದನ್ನು ಖಚಿತಪಡಿಸಿಕೊಂಡು ಖರೀದಿಸತಕ್ಕದ್ದು.

ಇದಲ್ಲದೆ ನಾಲ್ಕು ಗುಣಗಳು ಸಾಧನದಲ್ಲಿರಬೇಕು. ಸಂವೇದಕವು ತಾನು ಚಾಲನೆಯಲ್ಲಿರುವುದನ್ನು ನಿಯಂತ್ರಣ ಪೆಟ್ಟಿಗೆಗೆ ಆಗಾಗ ತಾನಾಗಿಯೇ ತಿಳಿಸುತ್ತಿರಬೇಕು. ಅದನ್ನು ಗೋಡೆಯಿಂದ ಕಿತ್ತರೆ ಅಥವಾ ಮುಚ್ಚಳ ತೆರೆದರೆ ಎಚ್ಚರಿಕೆ ಹೊರಡಬೇಕು. ಬ್ಯಾಟರಿ ಕುಗ್ಗಿದಾಗ ಮುಂಚಿತವಾಗಿಯೇ ಸೂಚನೆ ಬರಬೇಕು. ನಿಯಂತ್ರಣ ಪೆಟ್ಟಿಗೆಗೆ ಸ್ವಂತ ಬ್ಯಾಟರಿಯೂ ಸಿಮ್ ಕಾರ್ಡಿನ ಸೌಲಭ್ಯವೂ ಇರಬೇಕು. ಮಳೆಗಾಲದಲ್ಲಿ ಮರ ಉರುಳಿ ವಿದ್ಯುತ್ ಕಡಿತವಾದಾಗ ಮನೆಯ ವೈಫೈ ಸಹ ನಿಲ್ಲುತ್ತದೆ. ಅದೊಂದನ್ನೇ ನೆಚ್ಚಿಕೊಂಡ ವ್ಯವಸ್ಥೆಯು ಅಗತ್ಯದ ಹೊತ್ತಿಗೆ ಮೂಕವಾಗುತ್ತದೆ.

ಸ್ಥಳದ ಆಯ್ಕೆ

ಸಂವೇದಕವನ್ನು ನೆಲದಿಂದ 7ರಿಂದ 8 ಅಡಿ ಎತ್ತರದಲ್ಲಿ, ಕೋಣೆಯ ಮೂಲೆಯೊಂದರಲ್ಲಿ ಕೂರಿಸುವುದು ಉತ್ತಮ. ಒಳನುಗ್ಗುವವನು ಅನಿವಾರ್ಯವಾಗಿ ದಾಟಬೇಕಾದ ಜಾಗಗಳೇ ಅದಕ್ಕೆ ತಕ್ಕವು: ಚಾವಡಿ, ಮಹಡಿ ಮೆಟ್ಟಿಲಿನ ಬುಡ, ಅಡುಗೆಮನೆಯಿಂದ ಹಿತ್ತಿಲಿಗೆ ತೆರೆಯುವ ಬಾಗಿಲ ಬಳಿ. ಬಾಗಿಲಿಗೆ ನೇರ ಎದುರಾಗಿ ಇಡುವ ಬದಲು, ಬಂದವನು ಅದರ ನೋಟಕ್ಕೆ ಅಡ್ಡಲಾಗಿ ಹಾಯುವಂತೆ ಇಡತಕ್ಕದ್ದು. ಸಾಮಾನ್ಯ ಸಂವೇದಕವೊಂದರ ನೋಟವು 8ರಿಂದ 12 ಮೀಟರ್ ದೂರದವರೆಗೆ ಸಾಗುತ್ತದೆ. ಎತ್ತರದ ಕಪಾಟು ಅಥವಾ ಪರದೆ ಅಡ್ಡವಿದ್ದರೆ ಅದರ ಹಿಂದಿನ ಜಾಗವು ಸಂವೇದಕಕ್ಕೆ ಕುರುಡಾಗಿರುತ್ತದೆ.

ಹಂಚಿನ ಮನೆಗಳಲ್ಲಿ ವಿಶೇಷ ಎಚ್ಚರಿಕೆ ಬೇಕು. ಬೆಳಕಿಗಾಗಿ ಹೊದಿಸಿದ ಗಾಜಿನ ಹಂಚಿನಿಂದ ಇಳಿಯುವ ಬಿಸಿಲಕೋಲು ಮೋಡ ಸರಿದಂತೆಲ್ಲ ಮಾಯವಾಗಿ ಮತ್ತೆ ಮೂಡುತ್ತದೆ. ಅದು ಬೀಳುವ ನೆಲವು ಸಂವೇದಕದ ನೋಟದಲ್ಲಿದ್ದರೆ ಹಗಲಿನಲ್ಲಿ ಸುಳ್ಳು ಎಚ್ಚರಿಕೆ ಖಚಿತ. ಪಶ್ಚಿಮದ ಕಿಟಕಿ, ಹವಾನಿಯಂತ್ರಕದ ಗಾಳಿ, ಫ್ರಿಜ್ಜಿನ ಹಿಂಭಾಗ, ಒಲೆ ಮತ್ತು ಫ್ಯಾನಿನ ಗಾಳಿಗೆ ಅಲುಗಾಡುವ ಪರದೆ ಇವೆಲ್ಲವನ್ನೂ ಅದರ ನೋಟದಿಂದ ದೂರವಿರಿಸಬೇಕು. ಒಳಾಂಗಣಕ್ಕೆಂದು ತಯಾರಾದ ಸಂವೇದಕವನ್ನು ಸಿಟೌಟಿನಲ್ಲಾಗಲಿ ಜಗಲಿಯಲ್ಲಾಗಲಿ ಅಳವಡಿಸಬಾರದು. ಹೊರಾಂಗಣಕ್ಕೆ ನೀರು ಒಳಸೇರದ, ಪ್ರತ್ಯೇಕ ಮಾದರಿಗಳಿವೆ.

ರೇಡಿಯೋ ಅಲೆಯ ದಾರಿಯನ್ನೂ ಗಮನಿಸಬೇಕು. ಕೆಂಪುಕಲ್ಲಿನ ದಪ್ಪ ಗೋಡೆಗಳು ಅಲೆಯನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತವೆ. ಮಳೆಗಾಲದಲ್ಲಿ ಅವು ನೀರುಂಡಾಗ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಹೇಗೋ ತಲಪುತ್ತಿದ್ದ ಸಂಕೇತವು ಆಟಿ ತಿಂಗಳಿನಲ್ಲಿ ತಲಪದೇ ಹೋಗಬಹುದು. ಆದುದರಿಂದ ನಿಯಂತ್ರಣ ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ಆದರೆ ಹೊರಗಿನವರ ಕಣ್ಣಿಗೆ ಬೀಳದಂತೆ ಇರಿಸತಕ್ಕದ್ದು. ಕಬ್ಬಿಣದ ಕಪಾಟು, ಗೋದ್ರೆಜ್ ಬೀರು ಮತ್ತು ದೊಡ್ಡ ಕನ್ನಡಿಗಳ ಪಕ್ಕದಲ್ಲಿ ಇರಿಸಬಾರದು.

ಅಳವಡಿಸುವ ಕ್ರಮ

ಮೊದಲು ನಿಯಂತ್ರಣ ಪೆಟ್ಟಿಗೆಯನ್ನು ಚಾಲನೆಗೊಳಿಸಿ, ತಯಾರಕರು ನೀಡಿದ ಮೂಲ ಗುಪ್ತಪದವನ್ನು ಬದಲಾಯಿಸಬೇಕು. ಬಳಿಕ ಸಂವೇದಕಕ್ಕೆ ಬ್ಯಾಟರಿ ಹಾಕಿ ಪೆಟ್ಟಿಗೆಯೊಂದಿಗೆ ಜೋಡಿಸಬೇಕು. ಗೋಡೆಗೆ ಸ್ಕ್ರೂ ಹಾಕುವ ಮೊದಲು ತಾತ್ಕಾಲಿಕವಾಗಿ ಅಂಟಿಸಿ ಒಂದೆರಡು ದಿನ ಪರೀಕ್ಷಿಸುವುದು ಲೇಸು. ಬ್ಯಾಟರಿ ಹಾಕಿದ ಬಳಿಕ ಸಂವೇದಕವು ಕೋಣೆಯ ಉಷ್ಣಕ್ಕೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕಾಗುತ್ತದೆ.

ಆನಂತರ ನಡಿಗೆ ಪರೀಕ್ಷೆ ಮಾಡಬೇಕು. ಸಾಧನವನ್ನು ಪರೀಕ್ಷಾ ಸ್ಥಿತಿಗೆ ತಂದು, ಕೋಣೆಯ ಪ್ರತಿಯೊಂದು ಮೂಲೆಯಿಂದಲೂ ನಿಧಾನವಾಗಿ ನಡೆದು ದೀಪ ಮಿನುಗುವುದನ್ನು ನೋಡಬೇಕು. ಪರೀಕ್ಷಾ ಸ್ಥಿತಿ ಅಗತ್ಯವೇಕೆಂದರೆ, ಬ್ಯಾಟರಿ ಉಳಿಸಲೆಂದು ಅನೇಕ ಸಂವೇದಕಗಳು ಒಮ್ಮೆ ಸಂಕೇತ ಕಳುಹಿಸಿದ ಬಳಿಕ ಕೆಲವು ನಿಮಿಷ ಸುಮ್ಮನಿರುತ್ತವೆ. ಇದನ್ನು ತಿಳಿಯದವರು ಕೂಡಲೇ ಇನ್ನೊಮ್ಮೆ ಕೈಬೀಸಿ ನೋಡಿ, ಸಾಧನ ಕೆಟ್ಟಿದೆಯೆಂದು ಭಾವಿಸುವುದುಂಟು. ಬೀಗ ತೆರೆದು ಒಳಬಂದು ವ್ಯವಸ್ಥೆಯನ್ನು ನಿಲ್ಲಿಸಲು 30ರಿಂದ 45 ಸೆಕೆಂಡುಗಳ ಅವಕಾಶ ಇರಿಸಿಕೊಳ್ಳಬಹುದು. ಹಿರಿಯರಿರುವ ಮನೆಯಲ್ಲಿ ಅವರ ನಡಿಗೆಯ ವೇಗಕ್ಕೆ ತಕ್ಕಂತೆ ಇದನ್ನು ಹೆಚ್ಚಿಸುವುದು ಉಚಿತ.

ಮನೆಯವರು ಒಳಗಿರುವಾಗ

ಬೀಗ ಹಾಕಿದ ಮನೆಗೆ ಮಾತ್ರ ಅಪಾಯವೆಂದು ತಿಳಿಯುವಂತಿಲ್ಲ. 2024ರ ಜುಲೈ ತಿಂಗಳಲ್ಲಿ ನಗರದ ಉರ್ವ ಠಾಣಾ ವ್ಯಾಪ್ತಿಯ ಕೋಟೆಕಣಿಯಲ್ಲಿ ನಸುಕಿನ ವೇಳೆ ತಂಡವೊಂದು ಮನೆಗೆ ನುಗ್ಗಿ, ಒಳಗಿದ್ದ ಹಿರಿಯ ದಂಪತಿಯನ್ನು ಬೆದರಿಸಿ ಚಿನ್ನಾಭರಣಗಳನ್ನು ದೋಚಿತು. ಪೊಲೀಸರು ಅದೇ ದಿನ ಆರೋಪಿಗಳನ್ನು ಸಕಲೇಶಪುರದಲ್ಲಿ ಬಂಧಿಸಿದರು. ಇಂತಹ ಸಂದರ್ಭದಲ್ಲಿ ಕೋಣೆಯ ನಡುವಿನ ಸಂವೇದಕವು ಸುದ್ದಿ ಮುಟ್ಟಿಸುವುದು ಅಪರಿಚಿತನು ಒಳಬಂದ ಮೇಲೆಯೇ. ಮಲಗಿರುವವರಿಗೆ ಆ ಸುದ್ದಿಯು ತಡವಾದದ್ದು.

ಆದುದರಿಂದ ಹಿರಿಯರಿರುವ ಮನೆಗಳಲ್ಲಿ ರಾತ್ರಿಯ ವ್ಯವಸ್ಥೆಯನ್ನು ಬೇರೆಯಾಗಿ ರೂಪಿಸಬೇಕು. ಕಿಟಕಿ, ಬಾಗಿಲುಗಳ ಉದ್ದಕ್ಕೆ ತೆಳುವಾದ ಪರದೆಯಂತೆ ಮಾತ್ರ ನೋಡುವ ಸಂವೇದಕಗಳೂ, ಬಾಗಿಲು ತೆರೆದರೆ ತಿಳಿಸುವ ಅಯಸ್ಕಾಂತದ ಸಾಧನಗಳೂ, ಹಿತ್ತಿಲಿನ ಹೊರಾಂಗಣ ಸಂವೇದಕವೂ ರಾತ್ರಿ ಚಾಲನೆಯಲ್ಲಿರಲಿ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯ ಸಂವೇದಕವು ಮಾತ್ರ ಆಗ ವಿಶ್ರಾಂತಿಯಲ್ಲಿರಲಿ. ನಡುರಾತ್ರಿ ಬಚ್ಚಲಿಗೆ ಎದ್ದ ಅಜ್ಜಿಯೇ ಎರಡು ಬಾರಿ ಸೈರನ್ ಮೊಳಗಿಸಿದರೆ, ಮೂರನೆಯ ರಾತ್ರಿ ಮನೆಯವರೇ ವ್ಯವಸ್ಥೆಯನ್ನು ನಿಲ್ಲಿಸಿಬಿಡುತ್ತಾರೆ. ಹಾಸಿಗೆಯ ಬಳಿ ತುರ್ತು ಗುಂಡಿಯೊಂದನ್ನು ಇರಿಸುವುದು ಅತ್ಯಂತ ಉಪಯುಕ್ತ.

ಸುಳ್ಳು ಎಚ್ಚರಿಕೆಗಳ ನಿವಾರಣೆ

ಮಸೂರದ ಮೇಲೆಯೇ ಹರಿದಾಡುವ ಹಲ್ಲಿ, ಒಳಗೆ ಗೂಡು ಕಟ್ಟುವ ಇರುವೆ, ಎದುರಿಗೆ ಬಲೆ ನೇಯುವ ಜೇಡ, ಮಾಡಿನಿಂದ ಇಳಿಯುವ ಬೆಕ್ಕು ಇವು ನಮ್ಮಲ್ಲಿಯ ಸಾಮಾನ್ಯ ಕಾರಣಗಳು. ಸಂವೇದಕದ ಹಿಂಬದಿಯ ಸ್ಕ್ರೂ ತೂತುಗಳನ್ನೂ ಗೋಡೆಯ ಸಂದುಗಳನ್ನೂ ಸಿಲಿಕೋನ್ ಅಂಟಿನಿಂದ ಮುಚ್ಚಬೇಕು. ಬೆಕ್ಕು, ನಾಯಿ ಇರುವ ಮನೆಗಳಿಗೆ ಸಾಕುಪ್ರಾಣಿಗಳನ್ನು ಲೆಕ್ಕಿಸದ ಮಾದರಿಗಳಿವೆ. ಆದರೆ ಬೆಕ್ಕು ಕಪಾಟಿನ ಮೇಲೆ ಅಥವಾ ಜಂತಿಯ ಮೇಲೆ ನಡೆದರೆ ಅವೂ ಮೋಸಹೋಗುತ್ತವೆ. ಸುಳ್ಳು ಎಚ್ಚರಿಕೆ ಬಂದಾಗಲೆಲ್ಲ ದಿನಾಂಕ, ವೇಳೆ ಮತ್ತು ಯಾವ ಸಂವೇದಕವೆಂಬುದನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಪ್ರತಿದಿನ ಒಂದೇ ಹೊತ್ತಿಗೆ ಬಂದರೆ ಬಿಸಿಲು ಕಾರಣವಿರಬಹುದು. ರಾತ್ರಿಯ ಹೊತ್ತು ಗೊತ್ತುಗುರಿಯಿಲ್ಲದೆ ಬಂದರೆ ಪ್ರಾಣಿ ಅಥವಾ ಕೀಟವಿರಬಹುದು. ಕಾರಣವನ್ನು ಹುಡುಕದೆ ಸೂಕ್ಷ್ಮತೆಯನ್ನೇ ತಗ್ಗಿಸುವುದು ಸರಿಯಾದ ಪರಿಹಾರವಲ್ಲ.

ನಿರ್ವಹಣೆಯ ಕಾಲಪಟ್ಟಿ

ತಿಂಗಳಿಗೊಮ್ಮೆ: ನಡಿಗೆ ಪರೀಕ್ಷೆ ಮಾಡಿ, ಸೈರನ್ ಮತ್ತು ಫೋನ್ ಸಂದೇಶ ಎರಡೂ ಬರುತ್ತವೆಯೇ ಎಂದು ನೋಡಬೇಕು. ಮಸೂರವನ್ನು ತುಸುವೇ ಒದ್ದೆಯಾದ ಮೃದು ಬಟ್ಟೆಯಿಂದ ಒರೆಸಬೇಕು. ಸ್ಪಿರಿಟ್, ಥಿನ್ನರ್ ಅಥವಾ ಕೀಟನಾಶಕ ತಾಗಿದರೆ ಮಸೂರವು ಹಾಳಾಗುತ್ತದೆ.

ಪತ್ತನಾಜೆಗೆ ಮುಂಚೆ: ಮಳೆಗಾಲದ ಮುನ್ನ ಹಂಚು ಕೈಯಾಡಿಸುವ ಹೊತ್ತಿಗೇ ಈ ಕೆಲಸವನ್ನೂ ಮುಗಿಸುವುದು ಅನುಕೂಲಕರ. ನೀರು ಸೋರುವ ಗೋಡೆಯ ಮೇಲಿನ ಸಂವೇದಕವನ್ನು ಸ್ಥಳಾಂತರಿಸಬೇಕು. ನಿಯಂತ್ರಣ ಪೆಟ್ಟಿಗೆಯ ವಿದ್ಯುತ್ತನ್ನು ಒಂದೆರಡು ಗಂಟೆ ನಿಲ್ಲಿಸಿ, ಒಳಗಿನ ಬ್ಯಾಟರಿಯ ಮೇಲೆ ಅದು ನಡೆಯುವುದನ್ನು ಪರೀಕ್ಷಿಸಬೇಕು. ಸಿಡಿಲಿನ ರಕ್ಷಣೆಗಾಗಿ ಸರ್ಜ್ ರಕ್ಷಕವನ್ನು ಅಳವಡಿಸಿ, ಮನೆಯ ಅರ್ತಿಂಗ್ ಸರಿಯಿರುವುದನ್ನು ಪರಿಣತರಿಂದ ಖಚಿತಪಡಿಸಿಕೊಳ್ಳಬೇಕು.

ಜುಲೈ ತಿಂಗಳಲ್ಲಿ ಒಮ್ಮೆ: ಗೋಡೆಗಳು ಪೂರ್ತಿ ನೆನೆದಿರುವಾಗ ಸಂಕೇತದ ಬಲವನ್ನು ಮರುಪರೀಕ್ಷಿಸಬೇಕು.

ದೀಪಾವಳಿಗೆ ಮುಂಚೆ: ಮುಚ್ಚಳ ತೆರೆದು ಬೂಸ್ಟು, ತುಕ್ಕು, ಇರುವೆಗೂಡು ಇವೆಯೇ ಎಂದು ನೋಡಬೇಕು. ಕಡಲ ಗಾಳಿಯ ಉಪ್ಪಿನಂಶ ಮತ್ತು ತೇವದಿಂದ ಬ್ಯಾಟರಿಯ ಸಂಪರ್ಕ ಬಿಂದುಗಳು ಬೇಗ ತುಕ್ಕು ಹಿಡಿಯುತ್ತವೆ.

ಬ್ಯಾಟರಿಯ ವಿಷಯದಲ್ಲಿ ತಯಾರಕರು ಸೂಚಿಸಿದ ಮಾದರಿಯನ್ನೇ ಬಳಸತಕ್ಕದ್ದು. ಹಳೆಯದನ್ನೂ ಹೊಸದನ್ನೂ ಬೆರೆಸಬಾರದು. ಸೂಚನೆ ಬಂದ ವಾರದೊಳಗೆ ಬದಲಾಯಿಸಬೇಕು. ದೀರ್ಘ ಪ್ರಯಾಣಕ್ಕೆ ಹೊರಡುವವರು ಸೂಚನೆಗೆ ಕಾಯದೆ ಹೊಸತನ್ನು ಹಾಕಿ ಹೋಗುವುದು ಕ್ಷೇಮ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಇತರ ಕಸದೊಂದಿಗೆ ಬೆರೆಸದೆ, ಪ್ರತ್ಯೇಕವಾಗಿ ಸಂಗ್ರಹಣಾ ವ್ಯವಸ್ಥೆಗೆ ಒಪ್ಪಿಸುವುದು ಬಳಕೆದಾರರ ಕರ್ತವ್ಯವಾಗಿದೆ.

ಎಚ್ಚರಿಕೆ ಬಂದಾಗ ಮಾಡಬೇಕಾದುದು

ಸಂದೇಶವು ಯಾರಿಗೆ ತಲಪಬೇಕೆಂಬುದನ್ನು ಸಾಧನ ಅಳವಡಿಸುವ ದಿನವೇ ತೀರ್ಮಾನಿಸಬೇಕು. ಕೊಲ್ಲಿ ರಾಷ್ಟ್ರದಲ್ಲಿರುವ ಮಗನೊಬ್ಬನ ಫೋನಿಗೆ ಮಾತ್ರ ಸಂದೇಶ ಹೋಗುವಂತೆ ಮಾಡುವುದು ಸಾಮಾನ್ಯವಾಗಿ ಕಾಣುವ ಕೊರತೆ. ಆತನು ಅಲ್ಲಿಂದ 112ಕ್ಕೆ ಕರೆ ಮಾಡಿದರೆ ಕರೆಯು ಅಲ್ಲಿಯ ತುರ್ತು ಸೇವೆಗೆ ಹೋದೀತೇ ಹೊರತು ಮಂಗಳೂರಿಗೆ ಬರುವುದಿಲ್ಲ. ಆದುದರಿಂದ ನಡೆದು ಬರುವಷ್ಟು ಸಮೀಪದ ಇಬ್ಬರು ನೆರೆಯವರಿಗೂ ಸಂದೇಶ ತಲಪುವಂತಿರಬೇಕು. ವಿದೇಶದಲ್ಲಿರುವವರು ಆ ನೆರೆಯವರ ಸಂಖ್ಯೆಯನ್ನೂ, ಸ್ಥಳೀಯ ಪೊಲೀಸ್ ಠಾಣೆಯ ಸಂಖ್ಯೆಯನ್ನೂ ದೇಶದ ಕೋಡ್ ಸಹಿತ ಬರೆದಿಟ್ಟುಕೊಂಡಿರಬೇಕು.

ಎಚ್ಚರಿಕೆ ಬಂದ ಕೂಡಲೇ ಊರಿನಲ್ಲಿರುವವರು 112ಕ್ಕೆ ಕರೆ ಮಾಡಿ, ಮನೆಯ ಗುರುತನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ನೆರೆಯವರು ಒಬ್ಬೊಬ್ಬರಾಗಿ ಒಳಗೆ ಹೋಗಬಾರದು. ದೀಪ ಹಾಕಿ, ದೂರದಿಂದಲೇ ಗಮನಿಸಿ, ಪೊಲೀಸರು ಬರುವವರೆಗೆ ಕಾಯಬೇಕು. ಒಳಗಿರುವ ಹಿರಿಯರು ಹೊರಬಂದು ನೋಡುವ ಬದಲು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕರೆ ಮಾಡುವುದು ಕ್ಷೇಮಕರ. ಹಲವು ದಿನ ಮನೆ ಬಿಟ್ಟು ಹೋಗುವವರು ಆ ವಿಷಯವನ್ನು ಸ್ಥಳೀಯ ಪೊಲೀಸ್ ಠಾಣೆಗೆ ಮುಂಚಿತವಾಗಿ ತಿಳಿಸಿ ಹೋಗುವುದು ಒಳ್ಳೆಯದು.

ಗಟ್ಟಿಯಾದ ಚಿಲಕ, ಭದ್ರವಾದ ಸರಳು, ಹಿತ್ತಿಲಿನ ದೀಪ ಇವುಗಳಿಗೆ ಸಂವೇದಕವು ಪೂರಕವೇ ಹೊರತು ಬದಲಿಯಲ್ಲ. ಸಾಧನವನ್ನು ಅಳವಡಿಸಿದ ದಿನ ನೆರೆಯವರನ್ನು ಕರೆದು, ಸೈರನ್ನಿನ ಸದ್ದನ್ನು ಕೇಳಿಸಿ, ಅದು ಮೊಳಗಿದಾಗ ಯಾರು ಏನು ಮಾಡಬೇಕೆಂಬುದನ್ನು ಮಾತನಾಡಿಕೊಳ್ಳುವಂತೆಯೂ, ಈ ಮಾಹಿತಿಯನ್ನು ಒಂಟಿಯಾಗಿ ವಾಸಿಸುವ ಹಿರಿಯರಿಗೆ ಓದಿ ತಿಳಿಸುವಂತೆಯೂ ಸಾರ್ವಜನಿಕರನ್ನು ಕೋರಲಾಗಿದೆ.