ಕಾರಿನ ಕೈಬ್ರೇಕು: ಶೂ ನೋಡುವ ಬಗೆ, ಬದಲಾಯಿಸುವ ಬಗೆ



ಇಳಿಜಾರಿನಲ್ಲಿ ಎತ್ತಿನ ಗಾಡಿ ಮುಂದಕ್ಕೆ ನುಗ್ಗದಿರಲೆಂದು ಚಕ್ರದ ಪಟ್ಟಿಗೆ ಮರದ ತುಂಡನ್ನು ಒತ್ತಿ ಹಿಡಿಯುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಆ ಮರ ಸವೆದ ಮೇಲೆ ಹಗ್ಗವನ್ನು ಎಷ್ಟು ಬಿಗಿದರೇನು? ಗಾಡಿ ನಿಲ್ಲದು. ಮರವನ್ನೇ ಹೊಸದು ಹಾಕಬೇಕು. ಕಾರಿನ ಕೈಬ್ರೇಕಿನ ಗುಟ್ಟೂ ಇಷ್ಟೇ.

ಈಗ ಎಷ್ಟೋ ರೈತರ ಮನೆಯ ಮುಂದೆ ಚಿಕ್ಕ ಕಾರೊಂದು ನಿಂತಿರುತ್ತದೆ. 1983ರಲ್ಲಿ ಬಂದ ಮಾರುತಿ 800 ಆಗಲಿ, ಆಮೇಲೆ ಬಂದ ಆಲ್ಟೋ ಆಗಲಿ, ಹಿಂದಿನ ಎರಡು ಚಕ್ರಗಳಲ್ಲಿ ಡ್ರಮ್ಮು ಇರುತ್ತದೆ. ಡ್ರಮ್ಮಿನ ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಅವುಗಳ ಮೈಮೇಲೆ ಲೈನಿಂಗು. ಕೈಬ್ರೇಕು ಎಳೆದಾಗ ಕೇಬಲ್ಲು ಈ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಕಾಲಿನ ಬ್ರೇಕು ತುಳಿದಾಗಲೂ ಹಿಂದೆ ಕೆಲಸ ಮಾಡುವುದು ಇದೇ ಶೂಗಳು. ಕಣದ ಏರಿನಲ್ಲಿ ನಿಲ್ಲಿಸಿದ ಕಾರು ಉರುಳಿತೆಂದರೆ, ಕೆಳಗೆ ಆಡುವ ಮಕ್ಕಳಿಗೂ ಕಟ್ಟಿದ ಕರುವಿಗೂ ಓಡಲು ಹೊತ್ತು ಸಿಕ್ಕದು.

ಶೂ ಸವೆದದ್ದು ತಿಳಿಯುವುದು ಹೇಗೆ? ಕೈಬ್ರೇಕು ಎಳೆಯುವಾಗ ಕೇಳುವ ಟಕ್ ಟಕ್ ಸದ್ದನ್ನು ಎಣಿಸಿರಿ. ಎಷ್ಟು ಹಲ್ಲಿಗೆ ಹಿಡಿಯಬೇಕೆಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಮೇಲೆ ಬಂದರೆ ಸವೆತ ಶುರುವಾಗಿರಬಹುದು. ಇಲ್ಲೇ ಬಹಳ ಜನ ತಪ್ಪುವುದು. "ಕೇಬಲ್ ಸ್ವಲ್ಪ ಟೈಟ್ ಮಾಡಿಬಿಡಿ" ಅನ್ನುತ್ತಾರೆ. ಎರಡು ದಿನ ಹಿಡಿಯುತ್ತದೆ, ನಿಜ. ಆದರೆ ಸವೆದ ಲೈನಿಂಗು ಕೇಬಲ್ಲು ಬಿಗಿದ ಮಾತ್ರಕ್ಕೆ ಬೆಳೆಯುತ್ತದೆಯೆ? ಮೊದಲು ಶೂ ನೋಡಬೇಕು; ಕೇಬಲ್ಲಿನ ಮಾತು ಕೊನೆಗೆ.

ಬಿಚ್ಚುವ ಮುಂಚೆ ಕಾರನ್ನು ಮಟ್ಟಸವಾದ ಗಟ್ಟಿ ನೆಲದಲ್ಲಿ ನಿಲ್ಲಿಸಿರಿ. ಡ್ರಮ್ಮು ಹೊರಬರಬೇಕಾದರೆ ಕೈಬ್ರೇಕು ಸಡಿಲಿಸಲೇಬೇಕು. ಆದ್ದರಿಂದ ಮೊದಲನೆಯ ಗೇರಿಗೆ ಹಾಕಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಜಾಕಿ ಎತ್ತುವ ಮುಂಚೆಯೇ ಕೊಂಚ ಸಡಿಲಿಸಿರಿ. ಮಣ್ಣು ಮೆದುವಾಗಿದ್ದರೆ ಜಾಕಿಯ ಕೆಳಗೆ ದಪ್ಪ ಹಲಗೆ ಇಡಿ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡು ಕೊಡದೆ, ಬರಿಯ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ಕೈ ತೂರಿಸಬಾರದು.

ಕೆಲವು ಕಾರುಗಳಲ್ಲಿ ಡ್ರಮ್ಮು ಸುಲಭವಾಗಿ ಕಳಚಿ ಬರುತ್ತದೆ. ಕೆಲವದರಲ್ಲಿ ನಡುವಿನ ದೊಡ್ಡ ನಟ್ಟು ಬಿಚ್ಚಬೇಕು. ಅದರೊಳಗೆ ಬೇರಿಂಗು ಇರುವುದರಿಂದ ಆ ಕೆಲಸ ಮೆಕ್ಯಾನಿಕನಿಗೇ ಬಿಡುವುದು ಮೇಲು. ಒಳಗಿನ ಧೂಳನ್ನು ಬಾಯಿಂದಲೋ ಗಾಳಿ ಪಂಪಿನಿಂದಲೋ ಊದಬೇಡಿರಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಅದು ಶ್ವಾಸಕೋಶಕ್ಕೆ ವಿಷ. ಮೂಗುಬಾಯಿಗೆ ಮಾಸ್ಕ್ ಕಟ್ಟಿ, ಧೂಳನ್ನು ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಮಕ್ಕಳನ್ನು ದೂರ ಇಡಿ.

ಈಗ ನೋಡಬೇಕಾದ್ದು ನಾಲ್ಕು. ಒಂದು, ಲೈನಿಂಗಿನ ದಪ್ಪ: ಕೈಪಿಡಿಯ ಮಿತಿಗೆ ಇಳಿದಿದ್ದರೆ ಬದಲಾಯಿಸಬೇಕು, 1 ಮಿಲಿಮೀಟರಿಗೆ ಬಂದಿದ್ದರಂತೂ ತಡಮಾಡಬಾರದು. ಎರಡು, ಬಿರುಕು ಅಥವಾ ಅಂಟು ಬಿಟ್ಟಿರುವುದು. ಮೂರು, ಎಣ್ಣೆಯ ಪಸೆ: ಲೈನಿಂಗು ನೆನೆದಿದ್ದರೆ ಸೋರಿಕೆಯನ್ನು ಮೊದಲು ನಿಲ್ಲಿಸಿ, ಆಮೇಲೆ ಹೊಸ ಶೂ ಹಾಕಬೇಕು. ನಾಲ್ಕು, ಡ್ರಮ್ಮಿನ ಒಳಮೈ: ಆಳವಾದ ಗೆರೆ ಬಿದ್ದಿದ್ದರೆ ಲೇತಿಗೆ ಕೊಡಬಹುದು, ಆದರೆ ಅದರ ಒಳ ಅಗಲದ ಮಿತಿಯನ್ನು ಮೀರಬಾರದು.

ಬದಲಾಯಿಸುವಾಗ ಎರಡೂ ಚಕ್ರಗಳಿಗೆ ಹೊಸ ಶೂ ಹಾಕಬೇಕು. ಒಂದೇ ಕಡೆ ಹಾಕಿದರೆ ಒಂದು ಎತ್ತು ಬಲ, ಒಂದು ಎತ್ತು ಸೊರಗು ಅನ್ನುವ ಹಾಗೆ ಹಿಡಿತ ಹೆಚ್ಚುಕಮ್ಮಿಯಾಗುತ್ತದೆ. ಆದರೆ ಎರಡು ಕಡೆಯನ್ನೂ ಒಟ್ಟಿಗೆ ಬಿಚ್ಚಬೇಡಿರಿ. ಒಂದು ಮುಗಿಯುವ ತನಕ ಇನ್ನೊಂದು ನಿಮಗೆ ಮಾದರಿಯಾಗಿರಲಿ. ಯಾವ ಸ್ಪ್ರಿಂಗು ಎಲ್ಲಿತ್ತೆಂಬುದನ್ನು ಅದೇ ಹೇಳುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೂ ಒಳ್ಳೆಯದೇ. ಸ್ಪ್ರಿಂಗು ಹಾರಿ ಕಣ್ಣಿಗೆ ಬಡಿಯುವುದುಂಟು, ಕನ್ನಡಕ ಹಾಕಿಕೊಳ್ಳಿ. ಡ್ರಮ್ಮು ತೆಗೆದಿರುವಾಗ ಯಾರೂ ಕಾಲಿನ ಬ್ರೇಕು ತುಳಿಯಬಾರದು. ತುಳಿದರೆ ಸಿಲಿಂಡರಿನ ಪಿಸ್ಟನ್ನು ಹೊರಗೆ ಬಂದುಬಿಡುತ್ತದೆ. ಹೊಸ ಲೈನಿಂಗಿಗೆ ಗ್ರೀಸು ಬಿದ್ದ ಕೈ ತಾಗಿಸಬೇಡಿರಿ.

ಎರಡೂ ಕಡೆ ಜೋಡಿಸಿ ಡ್ರಮ್ಮು ಹಾಕಿದ ಮೇಲೆ ಕಾಲಿನ ಬ್ರೇಕನ್ನು ಹಲವು ಸಲ ತುಳಿಯಿರಿ. ತಾನಾಗಿ ಸರಿಹೊಂದುವ ಏರ್ಪಾಟು ಇರುವ ಕಾರಿನಲ್ಲಿ ಶೂ ಡ್ರಮ್ಮಿನ ಹತ್ತಿರಕ್ಕೆ ಬರುತ್ತದೆ. ಆಮೇಲೆ ಕೇಬಲ್ಲು. ಕೈಬ್ರೇಕು ಇಳಿಸಿ ಗೇರು ಬಿಡಿಸಿದಾಗ ಚಕ್ರ ಸಲೀಸಾಗಿ ತಿರುಗಬೇಕು. ಎಳೆದಾಗ ಎರಡೂ ಚಕ್ರ ಹಿಡಿಯಬೇಕು. ಚಕ್ರದ ನಟ್ಟುಗಳನ್ನು ಕಾರು ಇಳಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಕೊನೆಗೆ, ಕೆಳಗೆ ಜನ ದನ ಇಲ್ಲದ ಸಣ್ಣ ಏರಿನಲ್ಲಿ ಕೈಬ್ರೇಕು ಎಳೆದು, ಕಾಲನ್ನು ಪೆಡಲಿನ ಮೇಲೆಯೇ ಸಿದ್ಧವಾಗಿಟ್ಟುಕೊಂಡು, ಮೆಲ್ಲಗೆ ಒತ್ತಡ ಬಿಟ್ಟು ಪರೀಕ್ಷಿಸಿರಿ.

ಮಳೆಗಾಲಕ್ಕೆ ಒಂದು ಮಾತು. ಕೆಸರು ನೀರಿನಲ್ಲಿ ಬಂದ ಕಾರನ್ನು ಕೈಬ್ರೇಕು ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಶೂ ತುಕ್ಕಿಗೆ ಡ್ರಮ್ಮಿಗೇ ಕಚ್ಚಿಕೊಳ್ಳುತ್ತದೆ. ಅಷ್ಟು ದಿನ ನಿಲ್ಲಿಸುವುದಾದರೆ ಮಟ್ಟವಾದ ನೆಲದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೈಬ್ರೇಕನ್ನು ಇಳಿಸಿಡಿ.

ಈ ಕೆಲಸಕ್ಕೆ ಕೈ ಹಾಕಲು ಧೈರ್ಯ ಬಾರದಿದ್ದರೆ ನಾಚಿಕೆಯೇನಿಲ್ಲ, ಗ್ಯಾರೇಜಿಗೆ ಒಯ್ಯಿರಿ. ಆದರೆ ಬರಿಯ ಕೇಬಲ್ಲು ಬಿಗಿಸಿಕೊಂಡು ಬರಬೇಡಿರಿ. "ಡ್ರಮ್ಮು ಬಿಚ್ಚಿ ಶೂ ತೋರಿಸಪ್ಪಾ" ಎಂದು ಕೇಳಿ, ಕಣ್ಣಾರೆ ನೋಡಿ ಬನ್ನಿರಿ.