ಎರಡು ಫ್ರೇಮುಗಳ ನಡುವಿನ ಚಿತ್ರ

ವಿಡಿಯೋ ಎಂದರೆ ಒಂದರ ಹಿಂದೊಂದು ಬೇಗಬೇಗ ತೋರಿಸುವ ಸ್ಥಿರಚಿತ್ರಗಳ ಸಾಲು. ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬೇಕು ಎಂಬ ವಿಷಯದಲ್ಲಿ ಮಾತ್ರ ಜಗತ್ತು ಒಮ್ಮತಕ್ಕೆ ಬಂದಿಲ್ಲ. ಟಾಕಿ ಯುಗದಿಂದ ಸಿನಿಮಾ 24 ಫ್ರೇಮುಗಳನ್ನು ಹಿಡಿದುಕೊಂಡು ಬಂದಿದೆ. ಟೆಲಿವಿಷನ್ ವಿದ್ಯುತ್ ಜಾಲದ ಆವರ್ತನಕ್ಕೆ ಹೊಂದಿಕೊಂಡು ಬೆಳೆಯಿತು. 50 ಹರ್ಟ್ಸ್ ವಿದ್ಯುತ್ತಿನ ಭಾರತ, ಬ್ರಿಟನ್ ಮತ್ತು ಯುರೋಪಿನ ಹೆಚ್ಚಿನ ದೇಶಗಳಲ್ಲಿ 625 ಗೆರೆಗಳು, ಸೆಕೆಂಡಿಗೆ 50 ಫೀಲ್ಡುಗಳು, ಅಂದರೆ ಅರ್ಧ ಚಿತ್ರಗಳು. 60 ಹರ್ಟ್ಸ್‌ನ ಅಮೆರಿಕದಲ್ಲಿ 525 ಗೆರೆಗಳು, 60 ಫೀಲ್ಡುಗಳು. 1953ರಲ್ಲಿ ಅಮೆರಿಕ ಬಣ್ಣದ ಪ್ರಸಾರದ ಮಾನಕವನ್ನು ಒಪ್ಪಿಕೊಂಡಾಗ ಆ 60 ಕೂಡ 59.94ಕ್ಕೆ ಇಳಿಯಿತು. ಒಂದು ಮಾನಕದಲ್ಲಿ ತೆಗೆದ ಚಿತ್ರವನ್ನು ಇನ್ನೊಂದರಲ್ಲಿ ತೋರಿಸಬೇಕಾದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ಕ್ಯಾಮೆರಾ ನೋಡದೇ ಇದ್ದ ಕ್ಷಣದ ಚಿತ್ರವನ್ನು ಎಲ್ಲಿಂದ ತರುವುದು?

ಮೊದಲಿಗೆ ಎಲ್ಲರೂ ಸುಲಭದ ದಾರಿ ಹಿಡಿದರು. 50 ಹರ್ಟ್ಸ್ ದೇಶಗಳಲ್ಲಿ ಸಿನಿಮಾ ಪ್ರಸಾರ ಮಾಡುವಾಗ 24 ಫ್ರೇಮಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸಿಬಿಡುವುದು ರೂಢಿಯಾಯಿತು. ಹೀಗೆ ಓಡಿಸಿದರೆ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ. ಹಾಡುಗಳ ಶ್ರುತಿಯೂ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿಗೆ ತುಸು ಕಡಿಮೆಯಷ್ಟು ಏರುತ್ತದೆ. ಚಲನೆ ಮಾತ್ರ ಕೆಡುವುದಿಲ್ಲ. ಅಮೆರಿಕದಲ್ಲಿ ಇದು ಸಾಧ್ಯವಿರಲಿಲ್ಲ. 24ನ್ನು 60ಕ್ಕೆ ಏರಿಸಲು ಅಲ್ಲಿ ಒಂದು ಫ್ರೇಮನ್ನು ಮೂರು ಫೀಲ್ಡುಗಳಿಗೂ ಮುಂದಿನದನ್ನು ಎರಡು ಫೀಲ್ಡುಗಳಿಗೂ ಹಂಚಿದರು. ಹಂಚಿಕೆ ಸಮನಾಗಿಲ್ಲದ ಕಾರಣ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯಗಳು ತಡವರಿಸಿದಂತೆ ಕಾಣುತ್ತವೆ.

ಟೆಲಿವಿಷನ್‌ನಿಂದ ಟೆಲಿವಿಷನ್‌ಗೆ ಬದಲಿಸುವುದು ಇನ್ನೂ ಕಷ್ಟ. ಆರಂಭದ ಪರಿವರ್ತಕಗಳಲ್ಲಿ ಒಂದು ಮಾನಕದ ಪರದೆಯ ಮುಂದೆ ಇನ್ನೊಂದು ಮಾನಕದ ಕ್ಯಾಮೆರಾವನ್ನೇ ನಿಲ್ಲಿಸುತ್ತಿದ್ದರು. ಚಿತ್ರ ಮಸುಕಾಗುತ್ತಿತ್ತು, ಮಿನುಗುತ್ತಿತ್ತು. 1968ರ ಮೆಕ್ಸಿಕೋ ಒಲಿಂಪಿಕ್ಸ್ ಹೊತ್ತಿಗೆ ಬಿಬಿಸಿಯ ಎಂಜಿನಿಯರುಗಳು ಪೂರ್ತಿ ಎಲೆಕ್ಟ್ರಾನಿಕ್ ಪರಿವರ್ತಕವೊಂದನ್ನು ಸಿದ್ಧಪಡಿಸಿ, ಅಲ್ಲಿನ 525 ಗೆರೆಗಳ ಚಿತ್ರವನ್ನು 625 ಗೆರೆಗಳಿಗೆ ಬದಲಿಸಿದರು. ಅದು ದೊಡ್ಡ ಸಾಧನೆ. ಆದರೆ ಈ ಬಗೆಯ ಪರಿವರ್ತಕಗಳು ಮಾಡುತ್ತಿದ್ದ ಕೆಲಸ ಮೂಲತಃ ಬೆರಕೆಯದು: ಬೇಕಾದ ಕ್ಷಣಕ್ಕೆ ಹತ್ತಿರದ ಚಿತ್ರಗಳನ್ನು ತಕ್ಕ ಪ್ರಮಾಣದಲ್ಲಿ ಕಲಸಿ ಹೊಸದೊಂದನ್ನು ಪಡೆಯುವುದು.

ಬೆರಕೆ ಎಲ್ಲಿ ಸೋಲುತ್ತದೆಂದು ತಿಳಿಯಲು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಸೆದ ಚೆಂಡೊಂದನ್ನು ಹಿಂಬಾಲಿಸಬಹುದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಸುಮಾರು 78 ಸೆಂಟಿಮೀಟರ್ ಸಾಗುತ್ತದೆ. ಭಾರತದ ಪ್ರಸಾರದಲ್ಲಿ ಚಿತ್ರಗಳು 20 ಮಿಲಿಸೆಕೆಂಡಿಗೊಂದರಂತೆ ಬರುತ್ತವೆ. ಅದೇ ಪಂದ್ಯವನ್ನು ಅಮೆರಿಕದಲ್ಲಿರುವ ಕನ್ನಡಿಗರು ನೋಡಬೇಕಾದರೆ 16.67 ಮಿಲಿಸೆಕೆಂಡಿಗೊಂದು ಚಿತ್ರ ಬೇಕು. ಸೊನ್ನೆಯ ಕ್ಷಣದಲ್ಲಿ ಎರಡೂ ಕೂಡುತ್ತವೆ. ಮತ್ತೆ ಕೂಡುವುದು 100 ಮಿಲಿಸೆಕೆಂಡ್ ಕಳೆದ ಮೇಲೆ. ಅಂದರೆ ಸೆಕೆಂಡಿನ 60 ಚಿತ್ರಗಳಲ್ಲಿ ಹತ್ತು ಮಾತ್ರ ಕ್ಯಾಮೆರಾ ಕಂಡವು, ಉಳಿದ ಐವತ್ತನ್ನು ಯಂತ್ರವೇ ಹುಟ್ಟಿಸಬೇಕು. 59.94ರ ಲೆಕ್ಕ ಹಿಡಿದರೆ ಆ ಹತ್ತರ ಭರವಸೆಯೂ ಇಲ್ಲ. ಮೊದಲ ಹೊಸ ಚಿತ್ರದಲ್ಲಿ ಚೆಂಡು ಹಿಂದಿನ ಜಾಗದಿಂದ 65 ಸೆಂಟಿಮೀಟರ್ ಮುಂದೆ ಇರಬೇಕು. ಎರಡು ಚಿತ್ರಗಳನ್ನು ಕಲಸಿದರೆ ಅಲ್ಲಿ ಚೆಂಡೇ ಇರುವುದಿಲ್ಲ. 78 ಸೆಂಟಿಮೀಟರ್ ಅಂತರದಲ್ಲಿ ಎರಡು ಮಸುಕು ಚೆಂಡುಗಳು ಕಾಣಿಸುತ್ತವೆ.

ಸರಿಯಾದ ಚಿತ್ರಕ್ಕೆ ಎರಡು ಹೆಜ್ಜೆಗಳ ಕೆಲಸವಿದೆ. ಚಿತ್ರದ ಪ್ರತಿ ಭಾಗ ಯಾವ ದಿಕ್ಕಿಗೆ ಎಷ್ಟು ಸರಿದಿದೆ ಎಂದು ಕಂಡುಹಿಡಿಯುವುದು ಮೊದಲನೆಯದು; ಇದೇ ಮೋಷನ್ ಎಸ್ಟಿಮೇಶನ್, ಅಂದರೆ ಚಲನೆಯ ಅಂದಾಜು. ಸಿಕ್ಕ ಸ್ಥಾನಪಲ್ಲಟವನ್ನು ದಿಕ್ಕು, ದೂರ ಎರಡನ್ನೂ ಹೇಳುವ ಸದಿಶವಾಗಿ (ವೆಕ್ಟರ್) ಬರೆದಿಡುತ್ತಾರೆ. ಆ ಸದಿಶದ ಉದ್ದಕ್ಕೂ ಬೇಕಾದಷ್ಟೇ ದೂರಕ್ಕೆ ಪಿಕ್ಸೆಲ್‌ಗಳನ್ನು ಸಾಗಿಸಿ ಹೊಸ ಚಿತ್ರ ಕಟ್ಟುವುದು ಎರಡನೆಯದು. ಇದು ಮೋಷನ್ ಕಾಂಪೆನ್ಸೇಶನ್. ಎರಡನೆಯ ಹೆಜ್ಜೆಯ ಗುಣಮಟ್ಟವೆಲ್ಲ ಮೊದಲನೆಯದನ್ನು ಅವಲಂಬಿಸಿದೆ.

ಅಂದಾಜಿನ ಅತಿ ಸರಳ ವಿಧಾನ ಬ್ಲಾಕ್ ಹೊಂದಿಕೆ. ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ 16 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಇನ್ನೊಂದು ಚಿತ್ರದ ಆಸುಪಾಸಿನಲ್ಲಿ ಇಟ್ಟು ನೋಡುತ್ತಾರೆ. ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ವ್ಯತ್ಯಾಸಗಳನ್ನು ಕೂಡಿಸಿ, ಮೊತ್ತ ಎಲ್ಲಿ ಅತಿ ಕಡಿಮೆಯೋ ಅಲ್ಲಿಗೆ ಚೌಕ ಸರಿದಿದೆ ಎಂದು ತೀರ್ಮಾನಿಸುತ್ತಾರೆ. ಕೇಳಲು ಸುಲಭವಾದರೂ ಲೆಕ್ಕ ಭಾರಿ. ನಾಲ್ಕೂ ದಿಕ್ಕಿಗೆ 16 ಪಿಕ್ಸೆಲ್‌ವರೆಗೆ ಹುಡುಕಿದರೆ ಒಂದೊಂದು ಚೌಕಕ್ಕೆ 1089 ಜಾಗಗಳನ್ನು ಪರೀಕ್ಷಿಸಬೇಕು. ಪ್ರತಿ ಜಾಗದಲ್ಲೂ 256 ಹೋಲಿಕೆಗಳು. ಫುಲ್ ಎಚ್‌ಡಿ ಚಿತ್ರದಲ್ಲಿ ಇಂಥ ಸುಮಾರು 8100 ಚೌಕಗಳಿರುತ್ತವೆ. ಒಟ್ಟು 225 ಕೋಟಿಗೂ ಹೆಚ್ಚು ಹೋಲಿಕೆ, ಅದೂ ಒಂದೇ ಚಿತ್ರಕ್ಕೆ. ಈ ಹೊರೆ ತಗ್ಗಿಸಲು ಮೊದಲು ದೊಡ್ಡ ಹೆಜ್ಜೆಗಳಲ್ಲಿ ಹುಡುಕಿ ಆಮೇಲೆ ಸಣ್ಣ ಹೆಜ್ಜೆಗಿಳಿಯುವ ಉಪಾಯಗಳು ಬಂದವು. ಚಿತ್ರವನ್ನೇ ಕುಗ್ಗಿಸಿ ಒರಟು ಚಲನೆ ಹಿಡಿದು, ಹಂತಹಂತವಾಗಿ ದೊಡ್ಡದು ಮಾಡುತ್ತ ತಿದ್ದಿಕೊಳ್ಳುವುದೂ ಉಂಟು.

ಆದರೂ ಒಂದು ಮೂಲಭೂತ ತೊಡಕು ಉಳಿಯುತ್ತದೆ. ಕೀಲಿಕೈ ರಂಧ್ರದಲ್ಲಿ ಕಣ್ಣಿಟ್ಟು ಬಾಗಿಲಾಚೆಯ ಉದ್ದನೆಯ ಬಿದಿರಿನ ಕೋಲೊಂದನ್ನು ನೋಡಿದರೆ ಅದು ಅಡ್ಡಕ್ಕೆ ಸರಿದದ್ದು ಗೊತ್ತಾಗುತ್ತದೆ, ತನ್ನ ಉದ್ದಕ್ಕೇ ಜಾರಿದ್ದು ಗೊತ್ತಾಗುವುದಿಲ್ಲ. ಸಣ್ಣ ಚೌಕದ ಸ್ಥಿತಿಯೂ ಅದೇ. ಪಿಚ್‌ನ ಬಿಳಿಗೆರೆ, ವಿಕೆಟ್ಟಿನ ಅಂಚು ಎಲ್ಲೆಲ್ಲಿಯೂ ಒಂದೇ ತರಹ ಕಾಣುವುದರಿಂದ ಹತ್ತಾರು ಜಾಗಗಳಲ್ಲಿ ಹೊಂದಿಕೆ ಅಷ್ಟೇ ಚೆನ್ನಾಗಿ ಬರುತ್ತದೆ. ಖಾಲಿ ಕುರ್ಚಿಗಳ ಸಾಲು, ಕಬ್ಬಿಣದ ಕಂಬಿಬೇಲಿಯಂಥ ಪುನರಾವರ್ತಿತ ವಿನ್ಯಾಸಗಳಲ್ಲಿ ಯಂತ್ರ ಪಕ್ಕದ ಕುರ್ಚಿಯನ್ನೇ ಈ ಕುರ್ಚಿ ಎಂದು ತಿಳಿದುಬಿಡುತ್ತದೆ.

ಪರಿವರ್ತನೆಗೂ, ವಿಡಿಯೋವನ್ನು ಕಡಿಮೆ ಬಿಟ್‌ಗಳಲ್ಲಿ ಹಿಡಿದಿಡುವ ಸಂಕುಚನಕ್ಕೂ (ಕಂಪ್ರೆಶನ್) ಇರುವ ವ್ಯತ್ಯಾಸ ಇಲ್ಲಿಯೇ ಇದೆ. 1988ರ ಎಚ್.261ರಿಂದ ಹಿಡಿದು ಇಂದು ಮೊಬೈಲಿನಲ್ಲಿ ಓಡುವ ವಿಡಿಯೋಗಳವರೆಗೆ ಬಹುತೇಕ ಎಲ್ಲ ಸಂಕುಚನ ಮಾನಕಗಳೂ ಚಲನ ಸದಿಶಗಳನ್ನು ಬಳಸುತ್ತವೆ. ಆದರೆ ಅಲ್ಲಿ ಮೂಲ ಚಿತ್ರ ಕೈಯಲ್ಲೇ ಇರುತ್ತದೆ. ಸದಿಶ ತಪ್ಪಾದರೆ ಊಹೆಗೂ ಮೂಲಕ್ಕೂ ಇರುವ ವ್ಯತ್ಯಾಸವನ್ನು ಜೊತೆಯಲ್ಲೇ ಕಳುಹಿಸಿ ಸರಿಪಡಿಸಬಹುದು; ಒಂದಷ್ಟು ಬಿಟ್‌ಗಳು ಹೆಚ್ಚು ಖರ್ಚಾಗುತ್ತವೆ, ಅಷ್ಟೆ. ಪರಿವರ್ತನೆಯಲ್ಲಿ ಹುಟ್ಟುವ ಚಿತ್ರಕ್ಕೆ ಮೂಲವೆಂಬುದೇ ಇಲ್ಲ. ತಿದ್ದುಪಡಿ ಎಲ್ಲಿಂದಲೂ ಬರುವುದಿಲ್ಲ; ತಪ್ಪು ಸದಿಶ ನೇರವಾಗಿ ಪರದೆಯ ಮೇಲೆ ಹರಿದ ತೋಳಾಗಿ, ಮುರಿದ ಬ್ಯಾಟಾಗಿ ಕಾಣಿಸುತ್ತದೆ. ಆದ್ದರಿಂದ ಸಂಕುಚನಕ್ಕೆ ಚೆನ್ನಾಗಿ ಹೊಂದುವ ಜಾಗ ಸಿಕ್ಕರೆ ಸಾಕು, ಪರಿವರ್ತನೆಗೆ ವಸ್ತು ನಿಜವಾಗಿ ಸರಿದ ಜಾಗವೇ ಬೇಕು. ಈ ಕ್ಷೇತ್ರದ ಒಳ್ಳೆಯ ಸಂಶೋಧನೆಯೆಲ್ಲ ಈ ನಿಜಚಲನೆಯ ಬೆನ್ನು ಹತ್ತಿದ್ದೇ ಆಗಿದೆ.

ಅದರಲ್ಲಿ ಎರಡು ದಾರಿಗಳು ಗಟ್ಟಿಯಾಗಿ ನಿಂತವು. ಒಂದು ಫೇಸ್ ಕೋರಿಲೇಶನ್. ಚಿತ್ರವೊಂದು ಸರಿದರೆ, ಅದನ್ನು ಅಲೆಗಳಾಗಿ ಬಿಡಿಸುವ ಫೂರಿಯೇ ರೂಪಾಂತರದ ಘಟಕಗಳ ಪ್ರಮಾಣ ಬದಲಾಗದೆ, ಪ್ರಾವಸ್ಥೆ (ಫೇಸ್) ಮಾತ್ರ ಬದಲಾಗುತ್ತದೆ. ಎರಡು ಚಿತ್ರಗಳ ಪ್ರಾವಸ್ಥೆಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು ಮರಳಿ ರೂಪಾಂತರಿಸಿದರೆ, ಚಿತ್ರದಲ್ಲಿರುವ ಪ್ರತಿ ಪ್ರಮುಖ ಚಲನೆಗೆ ಒಂದೊಂದು ಚೂಪಾದ ಶಿಖರ ಮೇಲೇಳುತ್ತದೆ. ಮೈದಾನ ಎಡಕ್ಕೆ, ಆಟಗಾರ ಬಲಕ್ಕೆ ಸಾಗುತ್ತಿದ್ದರೆ ಎರಡು ಶಿಖರಗಳು. ಬೆಳಕು ಸ್ವಲ್ಪ ಹೆಚ್ಚುಕಡಿಮೆಯಾದರೂ ಶಿಖರ ಕದಲುವುದಿಲ್ಲ, ಏಕೆಂದರೆ ಪ್ರಮಾಣವನ್ನು ಲೆಕ್ಕದಿಂದ ಮೊದಲೇ ಕೈಬಿಟ್ಟಾಗಿರುತ್ತದೆ. ಯಾವ ಚಲನೆಗಳು ಇವೆ ಎಂಬುದನ್ನು ಶಿಖರಗಳು ಹೇಳುತ್ತವೆ, ಅವು ಎಲ್ಲಿವೆ ಎಂಬುದನ್ನು ಹೇಳುವುದಿಲ್ಲ. ಆ ನಾಲ್ಕಾರು ಸದಿಶಗಳಲ್ಲಿ ಯಾವುದು ತನ್ನದು ಎಂದು ಪ್ರತಿ ಪಿಕ್ಸೆಲ್‌ನಲ್ಲೂ ಪರೀಕ್ಷಿಸಿ ಹಂಚಬೇಕು. ಸಾವಿರ ಆಯ್ಕೆಗಳ ಬದಲು ನಾಲ್ಕಾರೇ ಇರುವುದರಿಂದ ಸುಳ್ಳು ಹೊಂದಿಕೆಗೆ ಎಡೆ ಕಡಿಮೆ. ಕುಗ್ಲಿನ್ ಮತ್ತು ಹೈನ್ಸ್ 1975ರಲ್ಲಿ ಮಂಡಿಸಿದ ಈ ವಿಧಾನವನ್ನು 1980ರ ದಶಕದಲ್ಲಿ ಬಿಬಿಸಿಯ ಸಂಶೋಧನಾ ವಿಭಾಗ ಟೆಲಿವಿಷನ್‌ಗೆ ಅಳವಡಿಸಿತು. ಸ್ನೆಲ್ ಅಂಡ್ ವಿಲ್ಕಾಕ್ಸ್ ಕಂಪನಿಯ ‘ಆಲ್ಕೆಮಿಸ್ಟ್’ ಪರಿವರ್ತಕ ಇದೇ ತತ್ತ್ವದ ಮೇಲೆ ನಿಂತು ಪ್ರಸಾರ ಜಗತ್ತಿನಲ್ಲಿ ಹೆಸರು ಮಾಡಿತು.

ಇನ್ನೊಂದು ದಾರಿಯನ್ನು ನೆದರ್‌ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಗೆರಾರ್ಡ್ ಡಿ ಹಾನ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ರೂಪಿಸಿದರು. ವಸ್ತುಗಳು ಒಂದು ಚೌಕಕ್ಕಿಂತ ದೊಡ್ಡವು, ಅವುಗಳ ವೇಗ ಒಮ್ಮೆಲೇ ಬದಲಾಗುವುದಿಲ್ಲ ಎಂಬ ಎರಡು ಸರಳ ಗಮನಿಕೆಗಳೇ ಅದರ ಬುನಾದಿ. ಹೀಗಾಗಿ ಪ್ರತಿ ಚೌಕವೂ ಎಲ್ಲೆಡೆ ಹುಡುಕುವುದಿಲ್ಲ. ನೆರೆಯ ಚೌಕಗಳ ಸದಿಶ, ಹಿಂದಿನ ಚಿತ್ರದಲ್ಲಿ ಅದೇ ಜಾಗದ ಸದಿಶ, ಜೊತೆಗೆ ಸಣ್ಣದೊಂದು ಯಾದೃಚ್ಛಿಕ ಬದಲಾವಣೆ ಇವಿಷ್ಟನ್ನೇ ಪರೀಕ್ಷಿಸುತ್ತದೆ. ಸರಿಯಾದ ಚಲನೆ ಒಂದು ಕಡೆ ಸಿಕ್ಕರೆ ಕೆಲವೇ ಚಿತ್ರಗಳಲ್ಲಿ ಇಡೀ ವಸ್ತುವಿಗೆ ಹರಡುತ್ತದೆ. ಲೆಕ್ಕ ಎಷ್ಟು ಹಗುರವಾಯಿತೆಂದರೆ, ಸ್ಟುಡಿಯೋದ ದುಬಾರಿ ಯಂತ್ರದಲ್ಲಿದ್ದ ಕೆಲಸ ಮನೆಯ ಟಿವಿಯೊಳಗಿನ ಚಿಪ್‌ಗೆ ಬಂತು.

ಸದಿಶ ಸರಿ ಸಿಕ್ಕಮೇಲೂ ಚಿತ್ರ ಕಟ್ಟುವುದರಲ್ಲಿ ಒಂದು ಸೂಕ್ಷ್ಮವಿದೆ. ಓಡುವ ಆಟಗಾರನ ಮುಂದಿನ ಹುಲ್ಲು ಮರೆಯಾಗುತ್ತ ಹೋಗುತ್ತದೆ, ಬೆನ್ನ ಹಿಂದಿನ ಹುಲ್ಲು ತೆರೆದುಕೊಳ್ಳುತ್ತದೆ. ಮರೆಯಾಗುವ ಹುಲ್ಲು ಹಿಂದಿನ ಚಿತ್ರದಲ್ಲಿ ಮಾತ್ರ ಉಂಟು, ತೆರೆದುಕೊಳ್ಳುವುದು ಮುಂದಿನ ಚಿತ್ರದಲ್ಲಿ ಮಾತ್ರ. ಎರಡೂ ಚಿತ್ರಗಳಿಂದ ಸಮನಾಗಿ ತೆಗೆದುಕೊಳ್ಳುವ ಯಂತ್ರ ಆಟಗಾರನ ಸುತ್ತ ನಡುಗುವ ಪ್ರಭಾವಳಿಯೊಂದನ್ನು ಮೂಡಿಸುತ್ತದೆ. ಯಾವ ಅಂಚಿನಲ್ಲಿ ಯಾವ ಚಿತ್ರವನ್ನು ನಂಬಬೇಕೆಂದು ತೀರ್ಮಾನಿಸಲು ಕನಿಷ್ಠ ಮೂರು ಚಿತ್ರಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಹೊಗೆ, ನೀರಿನ ಪ್ರತಿಬಿಂಬ, ನೆರಳು ಇವು ಇನ್ನೂ ತೊಂದರೆಯವು. ಅಲ್ಲಿ ಒಂದೇ ಪಿಕ್ಸೆಲ್‌ನಲ್ಲಿ ಎರಡು ಚಲನೆಗಳಿರುತ್ತವೆ. ಒಳ್ಳೆಯ ಪರಿವರ್ತಕ ತನ್ನ ಸದಿಶಗಳನ್ನು ತಾನೇ ಅಳೆದು ನೋಡಿ, ನಂಬಿಕೆ ಸಾಲದ ಕಡೆ ಸದ್ದಿಲ್ಲದೆ ಹಳೆಯ ಬೆರಕೆಗೆ ಮರಳುತ್ತದೆ. ತುಸು ಮಸುಕನ್ನು ಕಣ್ಣು ಸಹಿಸುತ್ತದೆ, ಮುರಿದ ಬ್ಯಾಟನ್ನು ಸಹಿಸುವುದಿಲ್ಲ.

ಇವೆಲ್ಲಕ್ಕೂ ಮುಂಚೆ ಮುಗಿಯಬೇಕಾದ ಕೆಲಸವೊಂದಿದೆ: ಫೀಲ್ಡುಗಳಿಂದ ಪೂರ್ತಿ ಚಿತ್ರ ಕಟ್ಟುವುದು. ಫೀಲ್ಡ್ ಎಂದರೆ ಅರ್ಧ ಚಿತ್ರ: ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು. ಎರಡನ್ನೂ ಹಾಗೇ ಹೆಣೆದರೆ ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಇಲ್ಲಿಯೂ ಚಲನ ಸದಿಶವೇ ನೆರವಿಗೆ ಬರುತ್ತದೆ. ಕಾಣೆಯಾದ ಗೆರೆಯನ್ನು ಹಿಂದಿನ ಫೀಲ್ಡಿನಲ್ಲಿ ವಸ್ತು ಇದ್ದ ಜಾಗದಿಂದ ತರಬಹುದು. ಆದರೆ ಫೀಲ್ಡಿಗೆ ಸರಿಯಾಗಿ ಒಂದು ಗೆರೆಯಂತೆ ಮೇಲೇರುವ ಅಕ್ಷರಗಳಲ್ಲಿ ಈ ಉಪಾಯ ನಡೆಯದು. ಪ್ರತಿ ಫೀಲ್ಡಿನಲ್ಲೂ ಅಕ್ಷರದ ಅವೇ ಗೆರೆಗಳು ದಾಖಲಾಗಿರುತ್ತವೆ, ಉಳಿದವನ್ನು ಕ್ಯಾಮೆರಾ ಎಂದೂ ಕಂಡಿರುವುದಿಲ್ಲ. ಹಳೆಯ ಟೇಪುಗಳನ್ನು ಎಚ್‌ಡಿಗೆ ಏರಿಸುವವರಿಗೆ ಇದು ಇಂದಿಗೂ ತಲೆನೋವು.

ಚಿತ್ರದ ಚಲನೆಯನ್ನು ಪಿಕ್ಸೆಲ್ ಪಿಕ್ಸೆಲ್‌ಗೂ ಅಳೆಯುವ ಆಪ್ಟಿಕಲ್ ಫ್ಲೋ ಗಣಿತ 1981ರಲ್ಲೇ ಹಾರ್ನ್ ಮತ್ತು ಶುಂಕ್ ಅವರಿಂದ ಬಂದಿತ್ತು. 2015ರ ‘ಫ್ಲೋನೆಟ್’ ಬಂದ ಮೇಲೆ ಆ ಕೆಲಸವನ್ನು ನರಜಾಲಗಳು ಕಲಿತು ಮಾಡಲಾರಂಭಿಸಿದವು. ಮರೆಯಾದ ಅಂಚುಗಳನ್ನು ತುಂಬುವುದರಲ್ಲಿ ಅವು ಹಳೆಯ ವಿಧಾನಗಳನ್ನು ಮೀರಿಸಿವೆ. ಆದರೆ ಅತಿ ವೇಗದ ಸಣ್ಣ ವಸ್ತು, ಪುನರಾವರ್ತಿತ ವಿನ್ಯಾಸ ಎದುರಾದಾಗ ಅವೂ ಎಡವುತ್ತವೆ. ಎರಡು ಚಿತ್ರಗಳ ನಡುವೆ ದಾಖಲಾಗದೇ ಹೋದ ಮಾಹಿತಿಯನ್ನು ಯಾವ ಜಾಲವೂ ಮರಳಿ ತರಲಾರದು.

ಈಗಿನ ಟಿವಿಗಳಲ್ಲಿ ಇದೇ ತಂತ್ರ ಮೋಷನ್‌ಫ್ಲೋ, ಟ್ರೂಮೋಷನ್, ಆಟೋ ಮೋಷನ್ ಪ್ಲಸ್ ಮುಂತಾದ ಹೆಸರುಗಳಲ್ಲಿದೆ. 24 ಫ್ರೇಮಿನ ಸಿನಿಮಾವನ್ನು ಅವು 60 ಅಥವಾ 120ಕ್ಕೆ ಏರಿಸಿದಾಗ ಚಿತ್ರ ಧಾರಾವಾಹಿಯಂತೆ ನುಣುಪಾಗಿ, ಸಿನಿಮಾದ ಲಯ ಕಳೆದುಕೊಂಡು ಕಾಣುತ್ತದೆ. 2018ರಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇದನ್ನು ಆಫ್ ಮಾಡಿ ಎಂದು ವಿಡಿಯೋ ಮೂಲಕ ಪ್ರೇಕ್ಷಕರನ್ನು ಕೋರಿದರು. ಮರುವರ್ಷ ಯುಎಚ್‌ಡಿ ಅಲಯನ್ಸ್ ಎಂಬ ಒಕ್ಕೂಟ ಈ ನುಣುಪನ್ನು ಬದಿಗಿಡುವ ‘ಫಿಲ್ಮ್‌ಮೇಕರ್ ಮೋಡ್’ ಪ್ರಕಟಿಸಿತು. ಆ ಕೋರಿಕೆ ನ್ಯಾಯವಾದದ್ದು. ನಿರ್ದೇಶಕ, ಛಾಯಾಗ್ರಾಹಕರು 24ಕ್ಕೆಂದೇ ಕ್ಯಾಮೆರಾದ ಓಟವನ್ನೂ ಷಟರನ್ನೂ ಹೊಂದಿಸಿರುತ್ತಾರೆ. ಕ್ರಿಕೆಟ್ ನೋಡುವಾಗ ಈ ಸೌಲಭ್ಯ ಇರಲಿ; ಸಿನಿಮಾ ಹಾಕುವ ಮುನ್ನ ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿಬಿಡುವುದು ಒಳ್ಳೆಯದು.