ಜರ್ಮನಿಯ ವೈದ್ಯರಿಗೆ ಹುಳುಕಡ್ಡಿ ಅರ್ಥವಾದೀತೆ?

ಪ್ರಶ್ನೆ: ಜರ್ಮನಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರಿಗೆ ಮೈತುರಿಕೆ ಬಂದರೆ, ಅಲ್ಲಿನ ಭಾಷೆ ಬಾರದೆ ಚರ್ಮವೈದ್ಯರಿಗೆ ತೋರಿಸಲಾದೀತೆ? (ಓದುಗರು, ಹೊಳೆನರಸೀಪುರ)

ಖಂಡಿತ ಆದೀತು. ಚರ್ಮದ ಕಾಯಿಲೆ ಕಣ್ಣಿಗೆ ಕಾಣುವಂಥದ್ದು, ಬೆರಳಿಟ್ಟು ತೋರಿಸಿದರೆ ಸಾಕು ಅನ್ನಿಸುವುದು ಸಹಜ. ಆದರೆ ಕಾಣದೇ ಉಳಿಯುವುದೊಂದಿದೆ: ಮೊದಲೇ ಹಚ್ಚಿದ ಮುಲಾಮು. ಹಾಸನವಿರಲಿ, ಅರಕಲಗೂಡು, ಚನ್ನರಾಯಪಟ್ಟಣವಿರಲಿ, ಅಂಗಡಿಯಲ್ಲಿ ಕೇಳಿ ಟ್ಯೂಬ್ ತರುವುದು ನಮ್ಮಲ್ಲಿ ರೂಢಿ. ಅದರಲ್ಲಿ ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಇದ್ದರೆ ತುರಿಕೆ, ಕೆಂಪು ತಗ್ಗುತ್ತವೆ. ಹುಳುಕಡ್ಡಿ ತರುವ ಶಿಲೀಂಧ್ರ ಮಾತ್ರ ಹರಡುತ್ತಲೇ ಇರುತ್ತದೆ. ಹುಳುಕಡ್ಡಿಯ ದುಂಡನೆಯ ಅಂಚು ಅಳಿಸಿಹೋಗಿ, ನುರಿತ ಕಣ್ಣೂ ಅದನ್ನು ಇಸುಬೆಂದು ತಿಳಿಯಬಹುದು. ಭಾರತದಲ್ಲಿ ವ್ಯಾಪಕವಾಗಿ ಹರಡಿ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರು ಪಡೆದ ಶಿಲೀಂಧ್ರ ಯುರೋಪಿನಲ್ಲೂ ಕಂಡುಬಂದಿದೆ. ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್‌ಗೆ ಅದು ಅನೇಕ ವೇಳೆ ಬಗ್ಗುವುದಿಲ್ಲ. ಆದ್ದರಿಂದ ಬಂದ ದೇಶವನ್ನೂ ಹಚ್ಚಿದ ಔಷಧವನ್ನೂ ಮೊದಲೇ ತಿಳಿಸಬೇಕು.

ಮೊಬೈಲ್ ಅನುವಾದ ಸಾಲದೇ ಎನ್ನಬಹುದು. ಎಷ್ಟು ದಿನದಿಂದ, ಮನೆಯವರಿಗೂ ಇದೆಯೇ ಎಂಬಷ್ಟಕ್ಕೆ ಸಾಕು. ಹುಳುಕಡ್ಡಿಯನ್ನು ಯಂತ್ರ ಅಕ್ಷರಶಃ ಹುಳುವಾಗಿಸಿದರೆ ಕಷ್ಟ. ಸ್ನೇಹಿತನನ್ನು ದುಭಾಷಿಯಾಗಿ ಕರೆದೊಯ್ದರೆ ತೊಡೆಸಂದಿನ ತುರಿಯ ಮಾತು ನಾಚಿಕೆಯಲ್ಲೇ ಉಳಿದೀತು. ಊರಿನಲ್ಲೇ ಹೇಳಿಕೊಳ್ಳಲು ಹಿಂಜರಿಯುವ ವಿಷಯವದು. ಖಾಲಿಯಾದರೂ ಸರಿ, ಟ್ಯೂಬನ್ನೇ ಒಯ್ಯಲಿ. ಬ್ರ್ಯಾಂಡ್ ಹೆಸರು ಅಲ್ಲಿ ಅಪರಿಚಿತವಾದರೂ, ಸಣ್ಣ ಅಕ್ಷರದ ಮೂಲ ಔಷಧದ ಹೆಸರು ಹೆಚ್ಚುಕಡಿಮೆ ಅದೇ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಇಂಥ ಸಮಾನ ಹೆಸರುಗಳನ್ನು ಪ್ರಕಟಿಸುತ್ತ ಬಂದಿದೆ. ಮುಲಾಮು ಹಚ್ಚುವ ಮುಂಚಿನ ಫೋಟೊ, ದಿನಾಂಕ ಸಹಿತ, ಜೊತೆಗಿರಲಿ.